ಪಟ್ಟಿಯಲ್ಲಿ ಹೆಸರಿದ್ದವರು, ಇಲ್ಲದವರು

2020ರ ಏಪ್ರಿಲ್ ಮೊದಲ ವಾರ, ಕೋವಿಡ್ ಮಹಾಮಾರಿ ಶುರುವಾಗಿದ್ದ ಹೊತ್ತು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ ಪತ್ರಕರ್ತರ ಮುಂದೆ ನಿಂತು ಒಂದು ಮನವಿ ಮಾಡಿದರು. ಆರೋಗ್ಯ ಸೇವೆಗೆ ಸ್ವಯಂಸೇವಕರು ಬೇಕು, ಅದರ ಜೊತೆಗೆ ಕೋಬಾಲ್ ಬಲ್ಲವರೂ ಬೇಕು ಎಂದರು. ಕೋಬಾಲ್ ಅಂದರೆ 1959ರಲ್ಲಿ ರೂಪುಗೊಂಡ ಕಂಪ್ಯೂಟರ್ ಭಾಷೆ. ಅದನ್ನು ಕಲಿತವರಲ್ಲಿ ಎಷ್ಟೋ ಜನ ಅಷ್ಟೊತ್ತಿಗೆ ನಿವೃತ್ತರಾಗಿದ್ದರು. ಆದರೆ ನಿರುದ್ಯೋಗ ಭತ್ಯೆಯ ಲೆಕ್ಕ ಇನ್ನೂ ಅದೇ ಭಾಷೆಯ ಹಳೇ ಕಂಪ್ಯೂಟರುಗಳಲ್ಲಿ ನಡೆಯುತ್ತಿತ್ತು. ಕೆಲಸ ಕಳೆದುಕೊಂಡವರು ಲಕ್ಷಗಟ್ಟಲೆ ಅರ್ಜಿ ಹಾಕಿದಾಗ ಆ ವ್ಯವಸ್ಥೆಗೆ ತಡೆದುಕೊಳ್ಳಲು ಆಗಲಿಲ್ಲ.

ಅದಕ್ಕೆ ಒಂದು ವಾರ ಮುಂಚೆ, ಮಾರ್ಚ್ 27ರಂದು, ಅಮೆರಿಕ ಸುಮಾರು 2.2 ಲಕ್ಷ ಕೋಟಿ ಡಾಲರ್‌ಗಳ ನೆರವಿನ ಕಾನೂನು ಮಾಡಿತ್ತು. ಸೆನೆಟ್‌ನಲ್ಲಿ 96 ಮತ ಪರವಾಗಿ ಬಿದ್ದವು, ವಿರುದ್ಧ ಒಂದೂ ಇರಲಿಲ್ಲ. ಹಣ ಇತ್ತು, ಮನಸ್ಸೂ ಇತ್ತು. ಆದರೂ ಎಷ್ಟೋ ಮನೆಗಳು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಕಾದವು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು.

ಅದೇ ಏಪ್ರಿಲ್ ತಿಂಗಳು ಪಶ್ಚಿಮ ಆಫ್ರಿಕಾದ ಟೋಗೋ ಎಂಬ ಪುಟ್ಟ ದೇಶದಲ್ಲಿ ಬೇರೆಯದೇ ನಡೆಯಿತು. ಆಗ ಅಲ್ಲಿನ ತಲಾ ವರಮಾನ ವರ್ಷಕ್ಕೆ ಸಾವಿರ ಡಾಲರ್ ಕೂಡ ಇರಲಿಲ್ಲ. ಏಪ್ರಿಲ್ 8ಕ್ಕೆ ಅಲ್ಲಿನ ಸರ್ಕಾರ ನೊವಿಸ್ಸಿ ಎಂಬ ಯೋಜನೆ ಶುರು ಮಾಡಿತು. ಎವೆ ಭಾಷೆಯಲ್ಲಿ ಅದರ ಅರ್ಥ ಒಗ್ಗಟ್ಟು. ಸಾದಾ ಫೋನಿನಿಂದ ಒಂದು ಸಂಖ್ಯೆ ಒತ್ತಿ, ಮತದಾರರ ಚೀಟಿಯ ನಂಬರ್ ಕೊಟ್ಟರೆ ಸಾಕು. ಅರ್ಹರಾದವರಿಗೆ ಕೆಲವೇ ನಿಮಿಷದಲ್ಲಿ ಮೊಬೈಲ್‌ಗೆ ಹಣ ಬರುತ್ತಿತ್ತು. ಗಂಡಸರಿಗಿಂತ ಹೆಂಗಸರಿಗೆ ಸ್ವಲ್ಪ ಜಾಸ್ತಿ. ಕೊನೆಗೆ 5 ಲಕ್ಷಕ್ಕೂ ಹೆಚ್ಚು ಜನರಿಗೆ ಅದು ತಲುಪಿತು.

ಇದು ಹೇಗೆ ಸಾಧ್ಯವಾಯಿತು? 2020ರ ಫೆಬ್ರವರಿಯಲ್ಲಿ ಟೋಗೋದಲ್ಲಿ ಅಧ್ಯಕ್ಷೀಯ ಚುನಾವಣೆ ನಡೆದಿತ್ತು. ಅದಕ್ಕಾಗಿ ಮತದಾರರ ಪಟ್ಟಿಯನ್ನು ಆಗಷ್ಟೇ ಹೊಸದು ಮಾಡಿದ್ದರು. ಅದರಲ್ಲಿ ಜನರ ಊರಿನ ಜೊತೆಗೆ ಅವರ ಕಸುಬೂ ದಾಖಲಾಗಿತ್ತು. ಯಾರು ಬೈಕ್ ಟ್ಯಾಕ್ಸಿ ಓಡಿಸುತ್ತಾರೆ, ಯಾರು ಬಟ್ಟೆ ಹೊಲಿಯುತ್ತಾರೆ ಎಂಬುದು ಸರ್ಕಾರಕ್ಕೆ ಗೊತ್ತಿತ್ತು. ಅಂದರೆ ಕೈಯಲ್ಲಿ ಒಂದು ಒಳ್ಳೆಯ ಪಟ್ಟಿ ಇತ್ತು.

ಮಹಾಮಾರಿಯ ಕಾಲದ ನೆರವಿನ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಎಷ್ಟು ಕೋಟಿ ಘೋಷಿಸಿದರು ಅನ್ನುವುದನ್ನೇ ನೋಡುತ್ತೇವೆ. ಸರ್ಕಾರಗಳೂ ಅದನ್ನೇ ತೋರಿಸುತ್ತವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಯಾರ ಹೆಸರು ಯಾವ ಪಟ್ಟಿಯಲ್ಲಿ ಮೊದಲೇ ಇತ್ತು? ಸೋಂಕು ಬಂದ ಮೇಲೆ ಪಟ್ಟಿ ಮಾಡಲು ಕೂತರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಪಟ್ಟಿ ತಯಾರಾಗುವುದು ಅದಕ್ಕೂ ಎಷ್ಟೋ ವರ್ಷ ಮುಂಚೆ, ಯಾರೂ ಗಮನಿಸದ ದಿನಗಳಲ್ಲಿ. ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು ಅನ್ನುವುದು ರಾಜಕೀಯ ತೀರ್ಮಾನ.

ಸಂಬಳದ ಚೀಟಿ ಇದ್ದವರ ಪಾಲು

ಜರ್ಮನಿಯ ಉದಾಹರಣೆ ನೋಡಿ. ಅಲ್ಲಿ ಕುರ್ಟ್ಸ್‌ಆರ್ಬೈಟ್ ಎಂಬ ಹಳೇ ಪದ್ಧತಿ ಇದೆ. ಅದರ ಬೇರು 20ನೇ ಶತಮಾನದ ಶುರುವಿನಷ್ಟು ಹಳೆಯದು. ಕಷ್ಟ ಬಂದಾಗ ಕಂಪನಿ ಕೆಲಸಗಾರರನ್ನು ತೆಗೆಯುವ ಬದಲು ಅವರ ಕೆಲಸದ ಗಂಟೆ ಕಡಿಮೆ ಮಾಡುತ್ತದೆ. ಹೀಗೆ ಕೈತಪ್ಪಿದ ನಿವ್ವಳ ಸಂಬಳದಲ್ಲಿ ಶೇ 60ರಷ್ಟನ್ನು ಸರ್ಕಾರದ ಉದ್ಯೋಗ ವಿಮೆ ತುಂಬಿಕೊಡುತ್ತದೆ, ಮಕ್ಕಳಿರುವವರಿಗೆ ಶೇ 67ರಷ್ಟು. 2020ರಲ್ಲಿ ಅದನ್ನು ಹಂತ ಹಂತವಾಗಿ ಶೇ 80 ಮತ್ತು 87ರವರೆಗೆ ಏರಿಸಿದರು. ಆ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಇದರಡಿ ಇದ್ದರು. ಅವರ ಕೆಲಸ ಹೋಗಲಿಲ್ಲ. ಫ್ಯಾಕ್ಟರಿ ಬಾಗಿಲು ತೆರೆದಾಗ ತಮ್ಮ ಜಾಗಕ್ಕೆ ವಾಪಸ್ ಹೋದರು.

ಬ್ರಿಟನ್‌ನಲ್ಲಿ ಇಂಥ ಪದ್ಧತಿ ಇರಲಿಲ್ಲ. ಆಗಿನ ಹಣಕಾಸು ಸಚಿವ ರಿಷಿ ಸುನಕ್ 2020ರ ಮಾರ್ಚ್ 20ರಂದು ಅದನ್ನು ಹೊಸದಾಗಿ ಘೋಷಿಸಿದರು. ಸಂಬಳದ ಶೇ 80ರಷ್ಟು, ತಿಂಗಳಿಗೆ ಹೆಚ್ಚೆಂದರೆ 2,500 ಪೌಂಡ್. 2021ರ ಸೆಪ್ಟೆಂಬರ್‌ನಲ್ಲಿ ಯೋಜನೆ ಮುಗಿಯುವ ಹೊತ್ತಿಗೆ ಸುಮಾರು 1.17 ಕೋಟಿ ಕೆಲಸಗಳಿಗೆ ಅದರ ನೆರವು ಸಿಕ್ಕಿತ್ತು. ಖರ್ಚು ಸುಮಾರು 7,000 ಕೋಟಿ ಪೌಂಡ್. ಸರ್ಕಾರದ ಖರ್ಚನ್ನು ಕಡಿಮೆ ಮಾಡುತ್ತೇವೆ ಅಂತಲೇ ಹತ್ತು ವರ್ಷ ಆಳಿದ ಪಕ್ಷ ಇಷ್ಟು ಬೇಗ ಇಷ್ಟು ದೊಡ್ಡ ಹೆಜ್ಜೆ ಇಟ್ಟಿದ್ದು ಸಣ್ಣ ಮಾತಲ್ಲ. ಅದನ್ನು ಮೆಚ್ಚಲೇಬೇಕು.

ಆದರೆ ಈ ಎರಡೂ ಯೋಜನೆಗಳು ನಿಂತಿದ್ದು ಸಂಬಳದ ಪಟ್ಟಿಯ ಮೇಲೆ. ಕಂಪನಿ ಪ್ರತಿ ತಿಂಗಳು ತೆರಿಗೆ ಇಲಾಖೆಗೆ ಯಾರಿಗೆ ಎಷ್ಟು ಸಂಬಳ ಕೊಟ್ಟೆ ಎಂದು ಹೇಳುತ್ತಿತ್ತಲ್ಲ, ಅದೇ ಪಟ್ಟಿ ಆಧಾರ. ಆ ಪಟ್ಟಿಯಲ್ಲಿ ಇಲ್ಲದವರ ಗತಿ ಏನು? ಬ್ರಿಟನ್‌ನಲ್ಲಿ ಸ್ವಂತ ಕೆಲಸ ಮಾಡುವವರಿಗೆ ಬೇರೆ ಯೋಜನೆ ಬಂತು. ಆದರೆ ಆಗಷ್ಟೇ ಸ್ವಂತ ಕೆಲಸ ಶುರು ಮಾಡಿದ್ದವರ ಬಳಿ ಹಿಂದಿನ ವರ್ಷದ ತೆರಿಗೆ ದಾಖಲೆ ಇರಲಿಲ್ಲ. ಅವರು ಮೊದಲ ಸುತ್ತುಗಳಲ್ಲಿ ಹೊರಗೇ ಉಳಿದರು.

ಇಡೀ ಜಗತ್ತನ್ನು ನೋಡಿದರೆ ಸಂಬಳದ ಚೀಟಿ ಇರುವವರೇ ಕಡಿಮೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಲ್ಲಿ ಸುಮಾರು 200 ಕೋಟಿ ಜನ, ಅಂದರೆ ದುಡಿಯುವವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ, ಅಸಂಘಟಿತ ವಲಯದಲ್ಲಿದ್ದಾರೆ. ದಿನಗೂಲಿಯವರು, ಮನೆಗೆಲಸದವರು, ಬೀದಿ ಬದಿ ವ್ಯಾಪಾರಿಗಳು, ಕಟ್ಟಡ ಕೆಲಸದವರು. ಇವರಿಗೆ ಕೆಲಸ ಹೋಯಿತು ಅಂತ ಯಾರೂ ನೋಟಿಸ್ ಕೊಡುವುದಿಲ್ಲ. ಬೆಳಗ್ಗೆ ಎದ್ದಾಗ ಕೆಲಸ ಇರುವುದಿಲ್ಲ, ಅಷ್ಟೇ. ಅದೇ ಸಂಘಟನೆಯ ಪ್ರಕಾರ 2020ರಲ್ಲಿ ಜಗತ್ತಿನ ಕೆಲಸದ ಗಂಟೆಗಳಲ್ಲಿ ಶೇ 8.8 ನಷ್ಟವಾಯಿತು. ಅದು 25.5 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮ.

ಹಳೇ ಜನಗಣತಿ, ಹೊಸ ಹಸಿವು

ಭಾರತದಲ್ಲಿ ಇದು ಎಲ್ಲರ ಕಣ್ಣಿಗೆ ಬಿದ್ದ ರೀತಿ ಮರೆಯುವಂಥದ್ದಲ್ಲ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಮಧ್ಯರಾತ್ರಿಯಿಂದ ಲಾಕ್‌ಡೌನ್. ಮಧ್ಯೆ ಇದ್ದಿದ್ದು ನಾಲ್ಕು ಗಂಟೆ. ಎರಡು ದಿನದ ಮೇಲೆ 1.7 ಲಕ್ಷ ಕೋಟಿ ರೂಪಾಯಿಗಳ ಪ್ಯಾಕೇಜ್ ಬಂತು. ರೇಷನ್ ಕಾರ್ಡ್ ಇದ್ದ ಸುಮಾರು 80 ಕೋಟಿ ಜನರಿಗೆ ತಲಾ 5 ಕೆಜಿ ಉಚಿತ ಧಾನ್ಯ. ಸುಮಾರು 20 ಕೋಟಿ ಹೆಂಗಸರ ಜನಧನ ಖಾತೆಗೆ ಮೂರು ತಿಂಗಳು ತಲಾ 500 ರೂಪಾಯಿ. ಐನೂರು ರೂಪಾಯಿ ಏನೇನೂ ಸಾಲದು. ಆದರೆ ಧಾನ್ಯ ಕೋಟ್ಯಂತರ ಮನೆಗಳನ್ನು ಉಪವಾಸದಿಂದ ಕಾಪಾಡಿತು, ಇದು ನಿಜ.

ಈಗ 80 ಕೋಟಿ ಅನ್ನುವ ಸಂಖ್ಯೆ ಎಲ್ಲಿಂದ ಬಂತು ನೋಡೋಣ. 2013ರ ಆಹಾರ ಭದ್ರತಾ ಕಾಯ್ದೆ ಹಳ್ಳಿಗಳ ಶೇ 75 ಮತ್ತು ಪಟ್ಟಣಗಳ ಶೇ 50ರಷ್ಟು ಜನರಿಗೆ ರೇಷನ್ ಕೊಡಬೇಕು ಎನ್ನುತ್ತದೆ. ಆದರೆ ಜನಸಂಖ್ಯೆ ಎಷ್ಟು ಎಂಬುದಕ್ಕೆ 2011ರ ಜನಗಣತಿಯೇ ಆಧಾರ. ಒಂಬತ್ತು ವರ್ಷದಲ್ಲಿ ಜನ ಹೆಚ್ಚಾಗಿದ್ದರು, ಪಟ್ಟಿ ಬೆಳೆದಿರಲಿಲ್ಲ. ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೇಜ್, ರೀತಿಕಾ ಖೇರಾ ಮತ್ತಿತರರು ಲೆಕ್ಕ ಹಾಕಿ, ಈ ಒಂದೇ ಕಾರಣಕ್ಕೆ 10 ಕೋಟಿಗೂ ಹೆಚ್ಚು ಜನ ಹೊರಗುಳಿದಿದ್ದಾರೆ ಎಂದರು. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದ್ದ ಹೊತ್ತದು. ಕೊರತೆ ಇದ್ದದ್ದು ಹೆಸರುಗಳ ಪಟ್ಟಿಯಲ್ಲಿ.

ವಲಸೆ ಕಾರ್ಮಿಕರದ್ದು ಇನ್ನೂ ಕಷ್ಟ. ಅವರ ಕಾರ್ಡ್ ಊರಲ್ಲಿ, ಅವರು ಮಾತ್ರ ಸಾವಿರ ಕಿಲೋಮೀಟರ್ ದೂರದಲ್ಲಿ. ಎರಡು ಕಡೆಯೂ ಅವರು ಲೆಕ್ಕಕ್ಕಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ನಡೆದರು. ಶ್ರಮಿಕ ರೈಲುಗಳು ಹೊರಟಿದ್ದು ಮೇ 1ಕ್ಕೆ, ಲಾಕ್‌ಡೌನ್ ಆಗಿ ಐದು ವಾರ ಕಳೆದ ಮೇಲೆ. ಕಾರ್ಡ್ ಇಲ್ಲದ ವಲಸಿಗರಿಗೂ ಧಾನ್ಯ ಕೊಡುತ್ತೇವೆ ಎಂಬ ಕೇಂದ್ರದ ಘೋಷಣೆ ಬಂದಿದ್ದು ಮೇ 14ಕ್ಕೆ. ಅಂಥವರು 8 ಕೋಟಿ ಇರಬಹುದು ಎಂದರು. ಅದು ಅಂದಾಜು, ಎಣಿಕೆಯಲ್ಲ. ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು: ಊರಿಗೆ ಹೋಗುವಾಗ ಸತ್ತ ವಲಸೆ ಕಾರ್ಮಿಕರೆಷ್ಟು, ಅವರ ಮನೆಯವರಿಗೆ ಪರಿಹಾರ ಕೊಟ್ಟಿದ್ದೀರಾ? ಅಂಥ ಅಂಕಿಅಂಶ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಬರುವುದಿಲ್ಲ ಎಂದು ಕಾರ್ಮಿಕ ಸಚಿವಾಲಯ ಲಿಖಿತ ಉತ್ತರ ಕೊಟ್ಟಿತು.

ಈ ಉತ್ತರವನ್ನು ಎಷ್ಟು ಸಲ ಓದಿದರೂ ನನಗೆ ಹೊಟ್ಟೆ ತೊಳಸುತ್ತದೆ. ಬದುಕಿದ್ದಾಗ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಸತ್ತಾಗಲೂ ಎಣಿಕೆಗೆ ಬರಲಿಲ್ಲ.

ಪಟ್ಟಿಯಿಂದ ಹೊರಗಿಡುವುದು ಬಡ ದೇಶಗಳ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಮೊದಲ ಸುತ್ತಿನ 1,200 ಡಾಲರ್ ಚೆಕ್ ಹೋಗಿದ್ದು ತೆರಿಗೆ ದಾಖಲೆಗಳ ಆಧಾರದ ಮೇಲೆ. ತೆರಿಗೆ ಕಟ್ಟುವಷ್ಟು ದುಡಿಮೆಯೇ ಇಲ್ಲದ ಬಡವರಲ್ಲಿ ಅನೇಕರು ಬೇರೆ ವೆಬ್‌ಸೈಟಿನಲ್ಲಿ ತಾವೇ ಹೆಸರು ಬರೆಸಬೇಕಾಯಿತು. ತೀರಾ ಬೇಕಾದವರಿಗೇ ಅದು ಕೊನೆಗೆ ಸಿಕ್ಕಿತು. ಜಂಟಿಯಾಗಿ ತೆರಿಗೆ ದಾಖಲೆ ಸಲ್ಲಿಸಿದ ಗಂಡ ಹೆಂಡತಿಯರಲ್ಲಿ ಒಬ್ಬರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಎಂಬ ಸರ್ಕಾರಿ ಗುರುತಿನ ಸಂಖ್ಯೆ ಇಲ್ಲದಿದ್ದರೆ, ಅಮೆರಿಕದ ಪ್ರಜೆಯಾದ ಇನ್ನೊಬ್ಬರಿಗೂ ಇಲ್ಲ ಎಂದರು. ಆ ತಪ್ಪನ್ನು ಡಿಸೆಂಬರ್‌ನಲ್ಲಿ ಸರಿಪಡಿಸಿದರು. ಆಸ್ಟ್ರೇಲಿಯಾದ ಸಂಬಳ ಸಹಾಯಧನ ತಾತ್ಕಾಲಿಕ ವೀಸಾದವರಲ್ಲಿ ಹೆಚ್ಚಿನವರಿಗೆ ಸಿಗಲಿಲ್ಲ. ಇದಕ್ಕೆ ಎದುರಾಗಿ ಪೋರ್ಚುಗಲ್ ಒಂದು ಕೆಲಸ ಮಾಡಿತು. ವಾಸದ ಪರವಾನಗಿಗೆ ಅರ್ಜಿ ಹಾಕಿ ಕಾಯುತ್ತಿದ್ದ ವಲಸಿಗರನ್ನೆಲ್ಲ ಸದ್ಯಕ್ಕೆ ಕಾನೂನುಬದ್ಧ ನಿವಾಸಿಗಳೆಂದೇ ಪರಿಗಣಿಸುತ್ತೇವೆ ಎಂದು 2020ರ ಮಾರ್ಚ್ ಕೊನೆಯಲ್ಲಿ ಹೇಳಿತು. ಒಂದು ಆದೇಶ ಸಾಕಾಯಿತು. ಮನಸ್ಸು ಮಾಡಿದರೆ ಪಟ್ಟಿ ದೊಡ್ಡದಾಗುತ್ತದೆ ಅಲ್ವಾ?

ಎಲ್ಲರಿಗೂ ಕೊಡುವುದೋ, ಆರಿಸಿ ಕೊಡುವುದೋ

ಕೆಲವು ಸರ್ಕಾರಗಳು ಆರಿಸುವ ತಲೆನೋವೇ ಬೇಡ ಅಂದವು. ಜಪಾನ್ ಮೊದಲು ಆದಾಯ ಕುಸಿದ ಮನೆಗಳಿಗೆ ಮಾತ್ರ 3 ಲಕ್ಷ ಯೆನ್ ಎಂದಿತ್ತು. ಯಾರ ಆದಾಯ ಎಷ್ಟು ಕುಸಿಯಿತು ಎಂದು ಸಾಬೀತು ಮಾಡುವುದೇ ಜಗಳವಾಯಿತು. ಮಿತ್ರಪಕ್ಷದ ಒತ್ತಡವೂ ಬಂತು. ಏಪ್ರಿಲ್ ಮಧ್ಯದಲ್ಲಿ ಪ್ರಧಾನಿ ಶಿಂಜೊ ಅಬೆ ಅದನ್ನು ಕೈಬಿಟ್ಟು, ದೇಶದಲ್ಲಿ ನೋಂದಾಯಿತರಾದ ಪ್ರತಿಯೊಬ್ಬರಿಗೂ 1 ಲಕ್ಷ ಯೆನ್ ಎಂದರು. ದಕ್ಷಿಣ ಕೊರಿಯಾದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಕೆಳಗಿನ ಶೇ 70ರಷ್ಟು ಮನೆಗಳಿಗೆ ಎಂದು ಶುರುವಾಗಿದ್ದು, ಏಪ್ರಿಲ್ 15ರ ಚುನಾವಣೆಯ ಕಾವಿನಲ್ಲಿ ಎಲ್ಲ ಮನೆಗಳಿಗೂ ಎಂದಾಯಿತು. ನಾಲ್ಕು ಜನರ ಮನೆಗೆ 10 ಲಕ್ಷ ವೊನ್. ಹೆಚ್ಚಿನವರಿಗೆ ಅದು ಸಿಕ್ಕಿದ್ದು ಕಾರ್ಡಿನ ಪಾಯಿಂಟ್ ರೂಪದಲ್ಲಿ. ಆಗಸ್ಟ್ ಕೊನೆಯೊಳಗೆ ಖರ್ಚು ಮಾಡಬೇಕು, ದೊಡ್ಡ ಮಾಲ್‌ಗಳಲ್ಲಿ ನಡೆಯದು. ಹಣ ಸಣ್ಣ ವ್ಯಾಪಾರಿಗಳ ಕೈಗೆ ಹೋಗಲಿ ಎಂಬ ಆಲೋಚನೆ.

ಶ್ರೀಮಂತರಿಗೂ ಯಾಕೆ ಕೊಡಬೇಕು ಎಂಬ ಪ್ರಶ್ನೆ ಸಹಜ. ನನ್ನ ಅಭಿಪ್ರಾಯ ಹೇಳುತ್ತೇನೆ. ಆತುರದ ಹೊತ್ತಲ್ಲಿ ಕೊಟ್ಟು, ಆಮೇಲೆ ಉಳ್ಳವರಿಂದ ತೆರಿಗೆಯಲ್ಲಿ ವಾಪಸ್ ಪಡೆಯುವುದೇ ವಾಸಿ. ತಪ್ಪಿ ಒಬ್ಬ ಶ್ರೀಮಂತನಿಗೆ ಹೋದರೆ ಖಜಾನೆಗೆ ಸ್ವಲ್ಪ ನಷ್ಟ. ತಪ್ಪಿ ಒಬ್ಬ ಬಡವನ ಕೈತಪ್ಪಿದರೆ ಆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಎರಡೂ ತಪ್ಪೇ, ಆದರೆ ಒಂದೇ ತೂಕದ ತಪ್ಪುಗಳಲ್ಲ.

ಕೊಡುವ ದಾರಿಯೂ ಮುಖ್ಯ. ಪೆರು ಬೇಗನೆ ಲಾಕ್‌ಡೌನ್ ಮಾಡಿ, ಬಡ ಮನೆಗಳಿಗೆ 380 ಸೋಲ್‌ಗಳ ನೆರವು ಘೋಷಿಸಿತು. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿನ ವಯಸ್ಕರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಬ್ಯಾಂಕ್ ಖಾತೆ ಇರಲಿಲ್ಲ. ಮನೆಯಲ್ಲೇ ಇರಿ ಎಂದು ಕೊಟ್ಟ ಹಣಕ್ಕಾಗಿ ಜನ ಬ್ಯಾಂಕಿನ ಮುಂದೆ ಗಂಟೆಗಟ್ಟಲೆ ಕ್ಯೂ ನಿಂತರು.

ಬಲ, ಎಡ ಅನ್ನುವ ಲೆಕ್ಕ ತಪ್ಪಿದ್ದು

ಎಡಪಂಥೀಯರು ಬಡವರಿಗೆ ಕೊಡುತ್ತಾರೆ, ಬಲಪಂಥೀಯರು ಕೈ ಬಿಗಿ ಹಿಡಿಯುತ್ತಾರೆ ಎಂಬ ಮಾತಿದೆ. ಬ್ರೆಜಿಲ್ ಮತ್ತು ಮೆಕ್ಸಿಕೊ ನೋಡಿದರೆ ಅದು ಸುಳ್ಳಾಗುತ್ತದೆ.

ಬ್ರೆಜಿಲ್‌ನ ಜೈರ್ ಬೋಲ್ಸನಾರೊ ಆಗ ಬಲಪಂಥೀಯ ಅಧ್ಯಕ್ಷರಾಗಿದ್ದರು. ಸೋಂಕನ್ನೇ ಹಗುರವಾಗಿ ತೆಗೆದುಕೊಂಡವರು. ಅವರ ಅರ್ಥ ಸಚಿವರು ಮೊದಲು ಹೇಳಿದ್ದು ತಿಂಗಳಿಗೆ 200 ರಿಯಲ್. ಸಂಸತ್ತು 500 ಬೇಕೆಂದು ಪಟ್ಟು ಹಿಡಿಯಿತು. ಕೊನೆಗೆ ಸರ್ಕಾರ 600ಕ್ಕೆ ಒಪ್ಪಿತು, ಒಂಟಿ ತಾಯಂದಿರಿಗೆ 1,200. ಸುಮಾರು 6.8 ಕೋಟಿ ಜನರಿಗೆ ಅದು ತಲುಪಿತು. ಅಂದರೆ ದೇಶದ ಮೂವರಲ್ಲಿ ಒಬ್ಬರಿಗೆ. ಇಷ್ಟು ಬೇಗ ತಲುಪಲು ಒಂದು ಕಾರಣ ಹಿಂದಿನ ಸರ್ಕಾರಗಳು ಕಟ್ಟಿದ್ದ ಬಡ ಕುಟುಂಬಗಳ ನೋಂದಣಿ ಪಟ್ಟಿ. ಅದರಲ್ಲಿ ಇಲ್ಲದವರು ಮೊಬೈಲ್ ಆ್ಯಪ್ ಮೂಲಕ ಸೇರಿದರು. ಆರ್ಥಿಕತೆ ಕುಸಿದ ಆ ವರ್ಷವೇ ಬ್ರೆಜಿಲ್‌ನಲ್ಲಿ ಬಡತನ ಇಳಿಯಿತು. ಆಗಸ್ಟ್ ಹೊತ್ತಿಗೆ ಬೋಲ್ಸನಾರೊ ಜನಪ್ರಿಯತೆಯೂ ಏರಿತು.

ಮೆಕ್ಸಿಕೊದ ಆಗಿನ ಅಧ್ಯಕ್ಷ ಆಂಡ್ರೆಸ್ ಮ್ಯಾನುಯೆಲ್ ಲೋಪೆಜ್ ಒಬ್ರಡಾರ್ ಎಡಪಂಥೀಯರು. ಬಡವರೇ ಮೊದಲು ಎಂಬ ಘೋಷಣೆಯಿಂದ ಗೆದ್ದವರು. ಅವರು ಹೊಸ ಸಾಲ ಮಾಡುವುದಿಲ್ಲ ಎಂದು ಹಟ ಹಿಡಿದರು. ಮಹಾಮಾರಿಗಾಗಿ ಮಾಡಿದ ಹೆಚ್ಚುವರಿ ಖರ್ಚು ಜಿಡಿಪಿಯ ಶೇ 1ರ ಆಸುಪಾಸಿನಲ್ಲೇ ಉಳಿಯಿತು. ಅವರ ಹಟಕ್ಕೆ ಒಂದು ನೆನಪು ಕಾರಣ. 1990ರ ದಶಕದ ಬಿಕ್ಕಟ್ಟಿನಲ್ಲಿ ಸರ್ಕಾರ ಬ್ಯಾಂಕುಗಳನ್ನು ಉಳಿಸಲು ಹೋಗಿ, ಸಾಲದ ಹೊರೆ ಜನರ ತಲೆ ಮೇಲೆ ಬಿದ್ದಿತ್ತು. ಅದನ್ನು ಅವರು ಜೀವನವಿಡೀ ವಿರೋಧಿಸಿದ್ದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದರ ಬೆಲೆ ತೆತ್ತವರು ಬಡವರು. 2018ರಿಂದ 2020ರ ನಡುವೆ ಅಲ್ಲಿ ಬಡವರ ಸಂಖ್ಯೆ ಸುಮಾರು 38 ಲಕ್ಷ ಹೆಚ್ಚಾಯಿತು ಎಂದು ಅಲ್ಲಿನ ಅಧಿಕೃತ ಸಂಸ್ಥೆಯೇ ಹೇಳಿತು.

ಬ್ರೆಜಿಲ್‌ನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಸೆಪ್ಟೆಂಬರ್‌ನಲ್ಲಿ 600 ಹೋಗಿ 300 ಆಯಿತು. ಡಿಸೆಂಬರ್‌ಗೆ ನಿಂತೇ ಹೋಯಿತು. 2021ರ ಜನವರಿಯಲ್ಲಿ ಮನೌಸ್ ನಗರದ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದು ಜನ ಸಾಯುತ್ತಿದ್ದಾಗ, ಅದೇ ಜನರಿಗೆ ಕೈಯಲ್ಲಿ ಬಿಡಿಗಾಸಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಶುರುವಾದಾಗ 150ರಿಂದ 375 ರಿಯಲ್, ಅದೂ ಕಡಿಮೆ ಜನರಿಗೆ. 2022 ಚುನಾವಣೆಯ ವರ್ಷ. ಅಷ್ಟೊತ್ತಿಗೆ ಬಂದಿದ್ದ ಹೊಸ ಯೋಜನೆಯ 400 ರಿಯಲ್‌ಗಳನ್ನು ಸಂವಿಧಾನಕ್ಕೆ ತಿದ್ದುಪಡಿ ತಂದು 600ಕ್ಕೆ ಏರಿಸಿದರು, ಡಿಸೆಂಬರ್‌ವರೆಗೆ ಮಾತ್ರ. ಅಕ್ಟೋಬರ್‌ನಲ್ಲಿ ಬೋಲ್ಸನಾರೊ ಸೋತರು. ನೆರವಿನ ಏರಿಳಿತ ಸೋಂಕಿನ ಏರಿಳಿತವನ್ನು ಅನುಸರಿಸಲಿಲ್ಲ. ಜಾಸ್ತಿ ಅನುಸರಿಸಿದ್ದು ಚುನಾವಣೆಯ ಕ್ಯಾಲೆಂಡರನ್ನು.

ಕಂಪನಿಗಳ ಹೆಸರು ಪಟ್ಟಿಯಲ್ಲಿ ಸದಾ ಇರುತ್ತದೆ

ಬೀದಿ ವ್ಯಾಪಾರಿಯನ್ನು ಹುಡುಕಲು ಸರ್ಕಾರಗಳು ಪರದಾಡಿದವು. ಕಂಪನಿಗಳನ್ನು ಹುಡುಕುವ ಕಷ್ಟವೇ ಇರಲಿಲ್ಲ. ಬ್ಯಾಂಕಿಗೆ ಗೊತ್ತು, ತೆರಿಗೆ ಇಲಾಖೆಗೆ ಗೊತ್ತು. ಅಮೆರಿಕ ಸಣ್ಣ ಉದ್ಯಮಗಳಿಗೆ ಸುಮಾರು 80,000 ಕೋಟಿ ಡಾಲರ್ ಸಾಲ ಕೊಟ್ಟಿತು. ಕೆಲಸಗಾರರನ್ನು ಉಳಿಸಿಕೊಂಡರೆ ಸಾಲ ಮನ್ನಾ ಎಂಬ ಷರತ್ತು. ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು ಆಮೇಲೆ ಅಧ್ಯಯನ ಮಾಡಿದಾಗ ಕಂಡಿದ್ದೇನು? ಆ ಹಣದಲ್ಲಿ ಶೇ 23ರಿಂದ 34ರಷ್ಟು ಮಾತ್ರ, ಇಲ್ಲದಿದ್ದರೆ ಕೆಲಸ ಕಳೆದುಕೊಳ್ಳುತ್ತಿದ್ದವರ ಕೈ ಸೇರಿತ್ತು. ಉಳಿದದ್ದು ಮಾಲೀಕರು, ಷೇರುದಾರರು, ಅವರಿಗೆ ಸಾಲ ಕೊಟ್ಟವರ ಪಾಲಾಗಿತ್ತು.

ಇದನ್ನು ತಡೆಯಲು ದಾರಿ ಇರಲಿಲ್ಲವೇ? ಇತ್ತು. ನ್ಯೂಜಿಲೆಂಡ್ ಸಂಬಳ ಸಹಾಯಧನವನ್ನು ಜಾಸ್ತಿ ಕಾಗದಪತ್ರ ಕೇಳದೆ ನಂಬಿಕೆಯ ಮೇಲೆ ಕೊಟ್ಟಿತು. ಆದರೆ ಯಾವ ಕಂಪನಿ ಎಷ್ಟು ಪಡೆಯಿತು ಎಂಬುದನ್ನು ಯಾರು ಬೇಕಾದರೂ ಹುಡುಕಿ ನೋಡುವಂತೆ ಜಾಲತಾಣದಲ್ಲಿ ಇಟ್ಟಿತು. ಕೆಲಸಗಾರನೇ ತನ್ನ ಕಂಪನಿಯ ಲೆಕ್ಕ ನೋಡಬಹುದಿತ್ತು. ಡೆನ್ಮಾರ್ಕ್ ತೆರಿಗೆ ತಪ್ಪಿಸುವ ದೇಶಗಳಲ್ಲಿ ನೋಂದಾಯಿಸಿಕೊಂಡ ಕಂಪನಿಗಳಿಗೆ ನೆರವಿಲ್ಲ ಎಂದಿತು.

ದೇಶಗಳದ್ದೂ ಒಂದು ಪಟ್ಟಿ

ದೇಶಗಳ ಮಟ್ಟದಲ್ಲೂ ಇದೇ ಆಟ. 2020ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನಾಯಕರು ನಾಲ್ಕು ಹಗಲು ನಾಲ್ಕು ರಾತ್ರಿ ಜಗಳವಾಡಿ 75,000 ಕೋಟಿ ಯೂರೋಗಳ ನಿಧಿಗೆ ಒಪ್ಪಿದರು. ಅದರಲ್ಲಿ 39,000 ಕೋಟಿ ಅನುದಾನ, ಉಳಿದದ್ದು ಸಾಲ. ಇಷ್ಟು ದೊಡ್ಡ ಸಾಲವನ್ನು ಎಲ್ಲರೂ ಸೇರಿ ಎತ್ತಿದ್ದು ಇದೇ ಮೊದಲು. ಇಟಲಿ, ಸ್ಪೇನ್‌ಗೆ ಅದು ಆಸರೆಯಾಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಜಾಂಬಿಯಾ 4.25 ಕೋಟಿ ಡಾಲರ್ ಬಡ್ಡಿ ಕಟ್ಟಲಾಗದೆ ಸುಸ್ತಿಯಾಯಿತು. ಯುರೋಪಿನ ಲೆಕ್ಕದಲ್ಲಿ ಅದು ಚಿಲ್ಲರೆ ಹಣ. ಬಡ ದೇಶಗಳ ಸಾಲದ ಕಂತನ್ನು ಮುಂದೂಡಲು ಜಿ20 ಒಂದು ವ್ಯವಸ್ಥೆ ಮಾಡಿತ್ತು. 2021ರ ಕೊನೆಯವರೆಗೆ 48 ದೇಶಗಳ ಸುಮಾರು 1,290 ಕೋಟಿ ಡಾಲರ್ ಕಂತು ಮುಂದೆ ಹೋಯಿತು. ಮನ್ನಾ ಆಗಲಿಲ್ಲ, ಮುಂದೆ ಹೋಯಿತು ಅಷ್ಟೇ. ಸಾಲ ಕೊಟ್ಟ ಖಾಸಗಿಯವರೂ ಕೈಜೋಡಿಸಲಿ ಎಂದು ಕೇಳಿಕೊಂಡರೂ ಅವರು ದೂರವೇ ಉಳಿದರು.

2021ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ 65,000 ಕೋಟಿ ಡಾಲರ್‌ಗಳಿಗೆ ಸಮನಾದ ಮೀಸಲು ನಿಧಿಯನ್ನು ದೇಶಗಳಿಗೆ ಹಂಚಿತು. ಹಂಚಿದ್ದು ಯಾರಿಗೆ ಎಷ್ಟು ಕಷ್ಟ ಎಂದು ನೋಡಿ ಅಲ್ಲ, ಸಂಸ್ಥೆಯಲ್ಲಿ ಯಾರ ಪಾಲು ಎಷ್ಟು ಎಂದು ನೋಡಿ. ಹಾಗಾಗಿ ಅಮೆರಿಕ ಒಂದಕ್ಕೇ ಸುಮಾರು 11,300 ಕೋಟಿ. ಇಡೀ ಆಫ್ರಿಕಾ ಖಂಡಕ್ಕೆ ಸುಮಾರು 3,300 ಕೋಟಿ. ಎಷ್ಟೋ ವರ್ಷಗಳ ಹಿಂದೆ ಬರೆದ ಪಾಲಿನ ಪಟ್ಟಿ ಇಲ್ಲೂ ಕೆಲಸ ಮಾಡಿತು.

ಬಿಲ್ ಬಂದಾಗ

ಖರ್ಚು ಮಾಡಿದ ಮೇಲೆ ಯಾರಾದರೂ ಕಟ್ಟಬೇಕಲ್ಲ. ಕೊಲಂಬಿಯಾ ಸರ್ಕಾರ 2021ರ ಏಪ್ರಿಲ್‌ನಲ್ಲಿ ತೆರಿಗೆ ಮಸೂದೆ ತಂದಿತು. ಬಳಕೆ ತೆರಿಗೆ ಹೆಚ್ಚಿಸುವ, ಇನ್ನಷ್ಟು ಜನರನ್ನು ಆದಾಯ ತೆರಿಗೆಗೆ ಸೇರಿಸುವ ಅಂಶಗಳು ಅದರಲ್ಲಿದ್ದವು. ಏಪ್ರಿಲ್ 28ಕ್ಕೆ ಜನ ಬೀದಿಗೆ ಬಂದರು. ಮೇ 2ಕ್ಕೆ ಅಧ್ಯಕ್ಷ ಇವಾನ್ ಡೂಕೆ ಮಸೂದೆ ಹಿಂತೆಗೆದುಕೊಂಡರು, ಮರುದಿನ ಹಣಕಾಸು ಸಚಿವರು ರಾಜೀನಾಮೆ ಕೊಟ್ಟರು. ಅಷ್ಟಕ್ಕೂ ಜನರ ಸಿಟ್ಟು ಇಳಿಯಲಿಲ್ಲ. ಹತ್ತಾರು ಜನ ಸತ್ತರು.

ಚಿಲಿಯಲ್ಲಿ ಇನ್ನೊಂದು ದಾರಿ. ಸರ್ಕಾರದ ನೆರವು ತಡವಾಯಿತು, ಸಾಲಲಿಲ್ಲ. ಆಗ ಸಂಸತ್ತು ಜನರಿಗೆ ತಮ್ಮ ಪಿಂಚಣಿ ಉಳಿತಾಯದ ಶೇ 10ರಷ್ಟನ್ನು ತೆಗೆಯಲು ಬಿಟ್ಟಿತು. ಒಂದಲ್ಲ, ಮೂರು ಸಲ. ಒಟ್ಟು ಸುಮಾರು 5,000 ಕೋಟಿ ಡಾಲರ್ ಹೊರಬಂತು. ಆ ಹೊತ್ತಿಗೆ ಅದು ಜೀವ ಉಳಿಸಿತು, ನಿಜ. ಆದರೆ ಕಡಿಮೆ ಸಂಬಳದ ಲಕ್ಷಾಂತರ ಜನರ ಪಿಂಚಣಿ ಖಾತೆ ಪೂರ್ತಿ ಖಾಲಿಯಾಯಿತು. ಬಡವರು ತಮ್ಮ ಮುಪ್ಪಿನ ಹಣದಿಂದ ತಮಗೆ ತಾವೇ ಪರಿಹಾರ ಕೊಟ್ಟುಕೊಂಡ ಹಾಗಾಯಿತು.

ಹೀಗೆ ಧಾರಾಳವಾಗಿ ಕೊಟ್ಟಿದ್ದರಿಂದಲೇ ಬೆಲೆ ಏರಿತು ಅನ್ನುವವರಿದ್ದಾರೆ. ಅಮೆರಿಕದಲ್ಲಿ ಹಣದುಬ್ಬರ 2022ರ ಜೂನ್‌ನಲ್ಲಿ ಶೇ 9.1 ಮುಟ್ಟಿತು. 2021ರ ಮಾರ್ಚ್‌ನ 1.9 ಲಕ್ಷ ಕೋಟಿ ಡಾಲರ್ ಪ್ಯಾಕೇಜ್ ಅತಿಯಾಯಿತು ಎಂದು ಅರ್ಥಶಾಸ್ತ್ರಜ್ಞ ಲ್ಯಾರಿ ಸಮ್ಮರ್ಸ್ ಮೊದಲೇ ಎಚ್ಚರಿಸಿದ್ದರು. ಅವರ ಮಾತಲ್ಲಿ ಹುರುಳಿದೆ. ಆದರೆ ಕಡಿಮೆ ಕೊಟ್ಟ ದೇಶಗಳಲ್ಲೂ ಬೆಲೆ ಏರಿತ್ತು. ಸರಕು ಸಾಗಣೆ ಕೆಟ್ಟಿತ್ತು, ಆಮೇಲೆ ಉಕ್ರೇನ್ ಯುದ್ಧ ಬಂತು. ಬಡವರ ಕೈಗೆ ಹೋದ ಹಣದ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಸರಿಯಲ್ಲ.

ಆ ಪ್ಯಾಕೇಜ್‌ನಲ್ಲೇ ಇದ್ದ ಒಂದು ಅಂಶ ನನ್ನನ್ನು ಇವತ್ತಿಗೂ ಕಾಡುತ್ತದೆ. 2021ರ ಜುಲೈನಿಂದ ಡಿಸೆಂಬರ್‌ವರೆಗೆ ಅಮೆರಿಕದ ಹೆಚ್ಚಿನ ಮನೆಗಳಿಗೆ ಮಕ್ಕಳ ಲೆಕ್ಕದಲ್ಲಿ ಪ್ರತಿ ತಿಂಗಳು ಹಣ ಬಂತು. ಚಿಕ್ಕ ಮಗುವಿಗೆ 300 ಡಾಲರ್, ದೊಡ್ಡ ಮಗುವಿಗೆ 250. ತೀರಾ ಬಡವರಿಗೂ ಪೂರ್ತಿ ಸಿಕ್ಕಿದ್ದು ಆಗ ಮಾತ್ರ. 6 ಕೋಟಿ ಮಕ್ಕಳಿಗೆ ಅದು ತಲುಪಿತು. ಸರ್ಕಾರಿ ನೆರವುಗಳನ್ನೂ ಸೇರಿಸಿ ಲೆಕ್ಕ ಹಾಕುವ ಅಳತೆಯಲ್ಲಿ ಮಕ್ಕಳ ಬಡತನ 2021ರಲ್ಲಿ ಶೇ 5.2ಕ್ಕೆ ಇಳಿಯಿತು. ಮುಂದುವರಿಸಲು ಸೆನೆಟ್‌ನಲ್ಲಿ 50 ಮತಗಳು ಕೂಡಲಿಲ್ಲ. ಆಳುವ ಪಕ್ಷದವರೇ ಆದ ಜೋ ಮ್ಯಾಂಚಿನ್ ಒಪ್ಪಲಿಲ್ಲ. 2022ರಲ್ಲಿ ಆ ಸಂಖ್ಯೆ ಶೇ 12.4. ಅದೇ ಮಕ್ಕಳು, ಅದೇ ಮನೆಗಳು. ಯಾರ ಖಾತೆಗೆ ಹಣ ಹಾಕಬೇಕು ಎಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ಪಟ್ಟಿ ಕೈಯಲ್ಲಿದ್ದೂ ನಿಲ್ಲಿಸಿದರು.

ಈಗ ಆ ಪಟ್ಟಿಗಳು ಎಲ್ಲಿವೆ?

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಮುಂದಿನ ಮಹಾಮಾರಿಗೆ ತಯಾರಾಗಲು ಒಂದು ಒಪ್ಪಂದವನ್ನು ಅಂಗೀಕರಿಸಿದವು. ಅದರ ಹೆಚ್ಚಿನ ಭಾಗ ಲಸಿಕೆ, ಔಷಧಿ, ರೋಗಾಣುಗಳ ಮಾಹಿತಿ ಹಂಚಿಕೆಗೆ ಸೇರಿದ್ದು. ಅದು ಬೇಕೇಬೇಕು. ಆದರೆ ಕೂಲಿ ನಿಂತ ಮನೆಗೆ ಎರಡನೇ ವಾರ ಹಣ ಹೇಗೆ ತಲುಪುತ್ತದೆ ಎಂಬುದನ್ನು ಪ್ರತಿ ದೇಶವೂ ತಾನೇ ನೋಡಿಕೊಳ್ಳಬೇಕು.

ಭಾರತ 2021ರ ಆಗಸ್ಟ್ 26ರಂದು ಇ-ಶ್ರಮ್ ಎಂಬ ನೋಂದಣಿ ಶುರು ಮಾಡಿತು. ವರ್ಷದೊಳಗೆ ಅಸಂಘಟಿತ ವಲಯದ 25 ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದರು. ಜನರಿಗೆ ಪಟ್ಟಿಗೆ ಸೇರುವ ಆಸೆ ಎಷ್ಟಿತ್ತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಹೆಸರು ಬರೆಸಿದ ಮಾತ್ರಕ್ಕೆ ಹಣ ಬರುವುದಿಲ್ಲ, ಅದಕ್ಕೆ ಹಕ್ಕಿನ ಬಲ ಬೇಕು. ಸುಮ್ನೆ ಕಾರ್ಡ್ ಕೊಟ್ಟು ಕಳಿಸಿದರೆ ಅದು ಪೆಟ್ಟಿಗೆಯಲ್ಲಿ ಉಳಿಯುವ ಇನ್ನೊಂದು ಕಾಗದವಾಗುತ್ತದೆ. ರೇಷನ್ ಪಟ್ಟಿ ಇನ್ನೂ 2011ರ ಜನಗಣತಿಯ ಲೆಕ್ಕದಲ್ಲೇ ನಡೆಯುತ್ತಿದೆ.

ದಕ್ಷಿಣ ಆಫ್ರಿಕಾದ್ದು ಸ್ವಲ್ಪ ಬೇರೆ. 2020ರಲ್ಲಿ ಆದಾಯವೇ ಇಲ್ಲದ ವಯಸ್ಕರಿಗೆ ತಿಂಗಳಿಗೆ 350 ರ‍್ಯಾಂಡ್ ಎಂದು ಶುರು ಮಾಡಿದರು, ಬರೀ ಆರು ತಿಂಗಳಿಗೆ. ಮೊದಲು ಮಕ್ಕಳ ಭತ್ಯೆ ಪಡೆಯುವ ತಾಯಂದಿರನ್ನು ಇದರಿಂದ ಹೊರಗಿಟ್ಟಿದ್ದರು. ಮಗುವಿನ ಪಾಲಿನ ಹಣವನ್ನೇ ತಾಯಿಯ ಆದಾಯ ಎಂದು ನೋಡಿದ ತಪ್ಪದು. 2021ರ ಏಪ್ರಿಲ್ ಕೊನೆಗೆ ಯೋಜನೆ ನಿಲ್ಲಿಸಿದರು. ಜುಲೈನಲ್ಲಿ ಮಾಜಿ ಅಧ್ಯಕ್ಷರೊಬ್ಬರ ಬಂಧನದಿಂದ ಶುರುವಾದ ಗಲಭೆ ಲೂಟಿಯಾಗಿ ಹರಡಿ, 300ಕ್ಕೂ ಹೆಚ್ಚು ಜನ ಸತ್ತರು. ಹಸಿವು, ನಿರುದ್ಯೋಗಗಳೂ ಅದಕ್ಕೆ ಕಾರಣ ಎಂದು ಎಲ್ಲರಿಗೂ ಕಂಡಿತು. ಆ ತಿಂಗಳ ಕೊನೆಯಲ್ಲಿ ಅಧ್ಯಕ್ಷ ಸಿರಿಲ್ ರಾಮಫೋಸಾ ನೆರವನ್ನು ವಾಪಸ್ ತಂದರು. ಈ ಸಲ ಆ ತಾಯಂದಿರನ್ನೂ ಸೇರಿಸಿದರು. ಆಮೇಲೆ ಪ್ರತಿ ಬಜೆಟ್‌ನಲ್ಲೂ ಇದೇ ಕೊನೆ ಎನ್ನುವ ಮಾತು, ಪ್ರತಿ ಸಲವೂ ವಿಸ್ತರಣೆ. 2024ರ ಏಪ್ರಿಲ್‌ನಲ್ಲಿ ಅದು 370 ರ‍್ಯಾಂಡ್ ಆಯಿತು. ತಿಂಗಳಿಡೀ ಹೊಟ್ಟೆ ತುಂಬಲು ಅದು ಸಾಲುವುದಿಲ್ಲ. ಆದರೆ ಆರು ತಿಂಗಳಿಗೆ ಎಂದು ಮಾಡಿದ ಆ ಪಟ್ಟಿ ಐದು ವರ್ಷದ ಮೇಲೂ ಇದೆ. ಅದರಲ್ಲಿ ಹೆಸರಿರುವ ಲಕ್ಷಾಂತರ ಜನ ಈಗ ನೆರವು ಇನ್ನೆಷ್ಟು ದಿನ ಎಂದು ಕೇಳುತ್ತಿಲ್ಲ. ಇದನ್ನು ಕಾಯಂ ಮಾಡುವುದು ಯಾವಾಗ ಎಂದು ಕೇಳುತ್ತಿದ್ದಾರೆ.